ಉಚಿತವೆಂಬ ಮಾತಿನ ಅರ್ಥ

ಹೊಳೆನರಸೀಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಂಗಡಿಯಿದೆ. ಒಂದು ಗಣಕಯಂತ್ರ, ಒಂದು ಸಣ್ಣ ಮುದ್ರಣಯಂತ್ರ, ಗೋಡೆಗೆ ಸಾಲಾಗಿ ಅಂಟಿಸಿದ ಲಗ್ನಪತ್ರಿಕೆಯ ಮಾದರಿಗಳು, ಬಂದವರಿಗೆಂದು ಎರಡು ಕುರ್ಚಿ. ಇಷ್ಟೇ ಅದರ ಐಶ್ವರ್ಯ. ಹಾಸನದಲ್ಲಿ ನನ್ನ ತರಗತಿಯಲ್ಲಿ ಮೂರು ವರ್ಷ ಕುಳಿತು ಬಿ.ಎ. ಮುಗಿಸಿದ ಹುಡುಗ ಅವನು. ಕಾಗುಣಿತ ತಪ್ಪಿದ ಆಹ್ವಾನಪತ್ರಿಕೆಯನ್ನು ಗಿರಾಕಿ ಒಪ್ಪಿದರೂ ತಾನು ಒಪ್ಪುವವನಲ್ಲ. ಆ ಕಡೆಗೆ ಹೋದಾಗಲೆಲ್ಲ ಅವನ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತು ಬರುವುದು ನನಗೆ ರೂಢಿಯಾಗಿದೆ. ಅವನ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳುವುದಕ್ಕೂ, ಆ ತಪ್ಪು ಎಲ್ಲಿಂದ ಹುಟ್ಟಿತೆಂದು ವಿಚಾರಿಸುವುದಕ್ಕೂ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ ಅರಕಲಗೂಡಿನ ಕಡೆಯ ಸಂಘವೊಂದು ತನ್ನ ಐವತ್ತನೆಯ ವರ್ಷದ ನೆನಪಿಗೆ ಒಂದು ಸಂಚಿಕೆಯನ್ನು ಹೊರತರಲು ನಿಶ್ಚಯಿಸಿತು. ಇನ್ನೂರು ಪುಟದ ಪುಸ್ತಕ. ಅಕ್ಷರಜೋಡಣೆ, ಪುಟವಿನ್ಯಾಸ, ಮುಖಪುಟ ಎಲ್ಲವೂ ಸೇರಿ ನನ್ನ ವಿದ್ಯಾರ್ಥಿಗೆ ನಾಲ್ಕು ತಿಂಗಳ ಅಂಗಡಿ ಬಾಡಿಗೆಯನ್ನು ಕಳೆಯುವಷ್ಟು ಕೆಲಸ. ಮಾತುಕತೆ ಮುಗಿದು ಒಪ್ಪಂದದ ಕಾಗದ ಬಂದಿತು. ಅದರಲ್ಲಿ ಒಂದು ಕಲಮು ಇದ್ದಿತು: ಈ ಕೆಲಸಕ್ಕೆ ಬಳಸುವ ತಂತ್ರಾಂಶಗಳೂ ಅಕ್ಷರಮಾದರಿಗಳೂ ಚಿತ್ರಗಳೂ ಪರವಾನಗಿಯುಳ್ಳವೆಂದು ಕೆಲಸ ಹಿಡಿದವನು ರುಜು ಹಾಕಿ ಖಚಿತಪಡಿಸತಕ್ಕದ್ದು. ಹುಡುಗ ಬೆದರಿದ. ಆ ಸಂಜೆಯೇ ನನಗೆ ದೂರವಾಣಿ ಮಾಡಿದ.

“ಸಾರ್, ನನ್ನ ಹತ್ತಿರ ಇರುವುದೆಲ್ಲ ಉಚಿತವಾಗಿ ಸಿಕ್ಕಿದ್ದು. ಒಂದಕ್ಕೂ ಕಾಸು ಕೊಟ್ಟಿಲ್ಲ, ಒಂದಕ್ಕೂ ರಸೀದಿಯಿಲ್ಲ. ಉಚಿತದ ಸಾಮಾನು ಇಟ್ಟುಕೊಂಡು ದುಡ್ಡಿನ ಕೆಲಸ ಮಾಡಿದರೆ ತಪ್ಪಾಗುತ್ತದೆಯೆ? ರುಜು ಹಾಕಲೆ, ಬೇಡವೆ?”

ನಾನು ಆ ಶಾಸ್ತ್ರವನ್ನು ಬಲ್ಲವನಲ್ಲ. ಬಲ್ಲವನಲ್ಲವೆಂದು ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಇಪ್ಪತ್ತು ವರ್ಷ ಪಾಠ ಹೇಳಿದವನ ನಾಲಗೆಗೆ ‘ನನಗೆ ತಿಳಿಯದು’ ಎಂಬ ಮಾತು ಸುಲಭವಾಗಿ ಬರುವುದಿಲ್ಲ. “ತಿಳಿಯದ ಕಾಗದಕ್ಕೆ ರುಜು ಹಾಕಬೇಡಪ್ಪ” ಎಂದೆ. ಅವನು ಹಾಕಲಿಲ್ಲ. ಕೆಲಸ ಬೇರೊಬ್ಬರ ಪಾಲಾಯಿತು. ಆ ಬೇರೊಬ್ಬರನ್ನು ಕೆಲವು ದಿನಗಳ ಮೇಲೆ ಒಂದು ಮದುವೆಯ ಮನೆಯಲ್ಲಿ ಕಂಡೆ. ಅವರ ಯಂತ್ರದಲ್ಲಿದ್ದುದು ದುಬಾರಿ ತಂತ್ರಾಂಶವೊಂದರ ಕದ್ದ ಪ್ರತಿ. ಅದನ್ನು ಅವರು ಮುಚ್ಚಿಡಲೂ ಇಲ್ಲ. “ರುಜು ಹಾಕುವುದಕ್ಕೇನು ಸಾರ್, ಬಂದು ನೋಡುವವರು ಯಾರು?” ಎಂದು ನಕ್ಕು, ಎರಡನೆಯ ಸಲ ಪಾಯಸ ಬಡಿಸಿಕೊಂಡರು.

ನ್ಯಾಯವಾಗಿ ಪಡೆದ ಸಾಧನವುಳ್ಳವನು ಅಂಜಿ ಹಿಂದೆ ಸರಿದ. ಕದ್ದ ಸಾಧನವುಳ್ಳವರು ನಗುತ್ತ ರುಜು ಹಾಕಿದರು. ಮೊದಲನೆಯವನು ಹಿಂದೆ ಸರಿದುದು ನನ್ನ ಮಾತಿನಿಂದ ಎಂಬುದು ಆ ಮದುವೆಯೂಟದ ಎಲೆಯ ಮುಂದೆ ನನಗೆ ಚುಚ್ಚಿದಂತಾಯಿತು.

ಮನೆಗೆ ಬಂದು ಯೋಚಿಸಿದೆ. ನಾವಿಬ್ಬರೂ ಎಡವಿದುದು ಒಂದು ಮಾತಿನ ಮೇಲೆ. ‘ಉಚಿತ’ ಎಂದರೆ ಸಂಸ್ಕೃತದಲ್ಲಿ ತಕ್ಕದ್ದು, ಯೋಗ್ಯವಾದುದು. ಔಚಿತ್ಯವೆಂಬ ಕಾವ್ಯತತ್ತ್ವವನ್ನು ನಾವು ತರಗತಿಯಲ್ಲಿ ಕ್ಷೇಮೇಂದ್ರನ ಹೆಸರು ಹೇಳಿ ಪಾಠ ಮಾಡುತ್ತೇವೆ. ಸಮಯೋಚಿತ, ಯಥೋಚಿತ ಎಂಬಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಅದೇ ಮಾತು ಕನ್ನಡದಲ್ಲಿ ‘ಬೆಲೆಯಿಲ್ಲದ್ದು’ ಎಂಬ ಅರ್ಥಕ್ಕೆ ಬಂದು ಕುಳಿತಿದೆ. ‘ಬಿಟ್ಟಿ’ ಎಂಬುದು ‘ವಿಷ್ಟಿ’ಯ ತದ್ಭವ, ಕೂಲಿಯಿಲ್ಲದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆ ಅದರ ಮೂಲಾರ್ಥ. ‘ಪುಕ್ಕಟೆ’ಯಲ್ಲಿ ಸ್ವಲ್ಪ ತಾತ್ಸಾರವೂ ಬೆರೆತಿದೆ. ಈ ಮೂರು ಮಾತುಗಳೂ ಹೇಳುವುದು ಬೆಲೆಯ ಸಂಗತಿಯನ್ನು. ಪಡೆದ ವಸ್ತುವನ್ನು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಅವು ಹೇಳುವುದಿಲ್ಲ. ಅದಕ್ಕೆ ಬೇರೊಂದು ಮಾತು ಬೇಕು. ಈಗ ನಾವು ‘ಮುಕ್ತ’ ಎನ್ನುತ್ತಿದ್ದೇವೆ. ಇಂಗ್ಲಿಷಿನವರಿಗೆ ಈ ಎರಡಕ್ಕೂ ‘ಫ್ರೀ’ ಎಂಬ ಒಂದೇ ಪದವಿರುವುದರಿಂದ ಅವರು ಪ್ರತಿ ಸಲವೂ ವಿವರಣೆ ಕೊಡಬೇಕಾಗುತ್ತದೆ. ನಮಗೆ ಎರಡು ಪದಗಳಿದ್ದೂ ಎರಡನ್ನೂ ಒಂದೇ ಎಂಬಂತೆ ಬಳಸಿ ಗೊಂದಲಕ್ಕೆ ಬಿದ್ದೆವು.

ಈ ಗೊಂದಲ ನನ್ನ ಮಟ್ಟಿಗೆ ತಿಳಿಯಾದುದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. ಆ ವರ್ಷ ನಮ್ಮ ವಿದ್ಯಾರ್ಥಿಗಳನ್ನು ಶಾಸನ ಪರಿಚಯಕ್ಕೆಂದು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಿದ್ದೆ. ಆ ಊರಿನ ಮತ್ತು ಸುತ್ತಲಿನ ಶಾಸನಗಳನ್ನು ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪ್ರಕಟಿಸಿದಾಗ ಐನೂರಿದ್ದವು; ೧೯೭೩ರ ಪರಿಷ್ಕೃತ ಮುದ್ರಣದಲ್ಲಿ ಅವು ೫೭೩ ಆದವು. ಭಂಡಾರಿ ಬಸದಿಯಲ್ಲಿ ೧೩೬೮ರ ಬುಕ್ಕರಾಯನ ಶಾಸನವನ್ನು ಮಕ್ಕಳಿಗೆ ವಿವರಿಸುತ್ತಿದ್ದೆ. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ವ್ಯಾಜ್ಯವನ್ನು ಅರಸನು ಪರಿಹರಿಸಿದ ಶಾಸನವದು. ರಾಜ್ಯದ ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡತಕ್ಕದ್ದು. ಆ ಹಣದಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡತಕ್ಕದ್ದು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಹಣ ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು, ಉಳಿದರೆ ಏನಾಗಬೇಕು ಎಂಬುದೆಲ್ಲ ಕಲ್ಲಿನ ಮೇಲಿದೆ. ಆಗ ಹಿಂದಿನ ಸಾಲಿನಲ್ಲಿ ನಿಂತಿದ್ದ ಒಬ್ಬಳು ಕೇಳಿದಳು: “ಕೊಟ್ಟ ಮೇಲೆ ಕೊಟ್ಟದ್ದಾಯಿತಲ್ಲ ಸಾರ್, ಇಷ್ಟೊಂದು ಷರತ್ತು ಏಕೆ?”

ಆ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತ ನನ್ನ ಹೊಳೆನರಸೀಪುರದ ಹುಡುಗನಿಗೆ ಹೇಳಬೇಕಾಗಿದ್ದ ಉತ್ತರವೂ ನನಗೆ ಹೊಳೆಯಿತು. ದಾನವೆಂದರೆ ಬರಿಯ ಕೊಡುವಿಕೆಯಲ್ಲ; ಯಾರಿಗೆ, ಯಾವುದಕ್ಕೆ, ಎಷ್ಟು ಹಕ್ಕಿನೊಡನೆ ಕೊಟ್ಟಿತೆಂಬುದರ ಬರೆಹವೂ ಹೌದು. ನಮ್ಮ ತಾಮ್ರಪಟಗಳು ಇದನ್ನು ಎಷ್ಟು ಎಚ್ಚರದಿಂದ ಮಾಡುತ್ತಿದ್ದವು! ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟು ಬಗೆಯ ಭೋಗಗಳನ್ನು ಎಣಿಸಿ ಹೇಳುತ್ತಿದ್ದರು. ಪಡೆದವನು ಆ ಭೂಮಿಯನ್ನು ಮತ್ತೊಬ್ಬರಿಗೆ ದಾನ ಮಾಡಬಹುದೆ, ಒತ್ತೆಯಿಡಬಹುದೆ, ಮಾರಬಹುದೆ ಎಂಬುದನ್ನೂ ‘ದಾನ, ಆಧಿ, ವಿಕ್ರಯ’ ಎಂದು ಬಿಡಿಸಿ ಬರೆಯುತ್ತಿದ್ದರು. ನಮ್ಮ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ದೊರೆತ, ಸುಮಾರು ಕ್ರಿ.ಶ. ೪೫೦ರದೆಂದು ವಿದ್ವಾಂಸರು ಹೇಳುವ ಹಲ್ಮಿಡಿಯ ಶಾಸನವೂ ಒಂದು ದತ್ತಿಯ ಕಾಗದವೇ. ವೀರನೊಬ್ಬನಿಗೆ ಊರನ್ನು ಕೊಟ್ಟುದನ್ನು ಹೇಳಿ, ಆ ದತ್ತಿಯನ್ನು ಅಳಿದವರಿಗೆ ಪಾತಕವನ್ನು ವಿಧಿಸುತ್ತದೆ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಬರೆಹಗಳಲ್ಲಿ ಒಂದು ಹೀಗೆ ಪರವಾನಗಿ ಪತ್ರದ ಜಾತಿಗೆ ಸೇರಿದ್ದೆಂದರೆ, ಕನ್ನಡ ಮೇಷ್ಟರಿಗೆ ಪರವಾನಗಿಯ ವಿಚಾರ ಪರಕೀಯವೆಂದು ಹೇಳುವುದು ಹೇಗೆ?

ಹಾಗೆ ನೋಡಿದರೆ ತಂತ್ರಾಂಶದ ಲೋಕದ ಮುಕ್ತ ಪರವಾನಗಿಗಳೂ ದಾನಶಾಸನಗಳೇ. ರಿಚರ್ಡ್ ಸ್ಟಾಲ್ಮನ್ ಎಂಬ ಅಮೆರಿಕದ ತಂತ್ರಜ್ಞ ೧೯೮೩ರ ಸೆಪ್ಟೆಂಬರಿನಲ್ಲಿ ಗ್ನು ಎಂಬ ಹೆಸರಿನ ಕಾರ್ಯವನ್ನು ಸಾರಿದ. ೧೯೮೯ರಲ್ಲಿ ಅದರ ಸಾರ್ವಜನಿಕ ಪರವಾನಗಿ, ಎಂದರೆ ಜಿಪಿಎಲ್, ಹೊರಬಂದಿತು. ೧೯೯೧ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಪ್ರಾರಂಭಿಸಿದ ಲಿನಕ್ಸ್ ಮುಂದೆ ಇದೇ ಪರವಾನಗಿಯ ಅಡಿಯಲ್ಲಿ ಲೋಕದ ತುಂಬ ಹರಡಿತು. ಈ ದಾನದಲ್ಲಿ ಭೋಗಗಳು ನಾಲ್ಕು: ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸಬಹುದು, ಅದರ ಒಳರಚನೆಯನ್ನು ಬಿಚ್ಚಿ ಓದಬಹುದು, ಪ್ರತಿ ಮಾಡಿ ಹಂಚಬಹುದು, ತಿದ್ದಿ, ತಿದ್ದಿದ್ದನ್ನೂ ಹಂಚಬಹುದು. ‘ಯಾವ ಉದ್ದೇಶಕ್ಕಾದರೂ’ ಎಂಬಲ್ಲಿ ಸಂಪಾದನೆಯೂ ಸೇರಿತು. ಮುಕ್ತ ಆಕರದ ಲಕ್ಷಣವನ್ನು ೧೯೯೮ರಲ್ಲಿ ನಿರೂಪಿಸಿದವರು ಇದನ್ನು ಇನ್ನೂ ಸ್ಪಷ್ಟಪಡಿಸಿದರು. ವ್ಯಾಪಾರದಲ್ಲಿ ಬಳಸಕೂಡದೆಂದು ಯಾವ ಪರವಾನಗಿ ಹೇಳುತ್ತದೆಯೋ ಅದನ್ನು ಮುಕ್ತವೆಂದು ಕರೆಯುವುದಕ್ಕೇ ಅವರು ಒಪ್ಪುವುದಿಲ್ಲ.

ನನ್ನ ವಿದ್ಯಾರ್ಥಿಯ ಯಂತ್ರದಲ್ಲಿದ್ದ ಪುಟವಿನ್ಯಾಸದ ಸ್ಕ್ರೈಬಸ್, ರೇಖಾಚಿತ್ರದ ಇಂಕ್‌ಸ್ಕೇಪ್, ಚಿತ್ರ ತಿದ್ದುವ ಗಿಂಪ್ ಈ ಮೂರೂ ಜಿಪಿಎಲ್ ಕುಟುಂಬದವು. ಅವುಗಳಿಂದ ಲಗ್ನಪತ್ರಿಕೆ ಮಾಡಿ ಹಣ ಪಡೆದರೆ ತಪ್ಪಿಲ್ಲ. ಇನ್ನೂರು ಪುಟದ ಸಂಚಿಕೆ ಮಾಡಿದರೂ ತಪ್ಪಿಲ್ಲ. ತಂತ್ರಾಂಶದಿಂದ ಹುಟ್ಟಿದ ಪುಟದ ಮೇಲೆ ತಂತ್ರಾಂಶ ಮಾಡಿದವನಿಗೆ ಸಾಮಾನ್ಯವಾಗಿ ಹಕ್ಕಿಲ್ಲ. ಶಾಯಿ ಮಾರಿದವನಿಗೆ ಪದ್ಯದ ಮೇಲೆ ಹಕ್ಕುಂಟೆ? ರುಜು ಹಾಕಬೇಕಾದ ಕಾಗದ ಕೇಳಿದುದು ಪರವಾನಗಿಯನ್ನು, ರಸೀದಿಯನ್ನಲ್ಲ. ಪರವಾನಗಿ ಅವನ ಯಂತ್ರದೊಳಗೇ ಇತ್ತು. ಅದನ್ನು ತೆರೆದು ಓದುವಂತೆ ಹೇಳಬೇಕಾಗಿದ್ದ ನಾನು, ಕಾಗದವನ್ನೇ ಮಡಿಸಿಡುವಂತೆ ಹೇಳಿದೆ.

ಹಾಗೆಂದು ‘ಉಚಿತ’ವೆಂದು ಕಂಡುದೆಲ್ಲವನ್ನೂ ಬಾಚಿಕೊಳ್ಳಬಹುದೆಂದು ಯಾರೂ ತಿಳಿಯಬಾರದು. ಬೆಲೆಯಿಲ್ಲದೆ ಸಿಗುವ ವಸ್ತುಗಳಲ್ಲಿ ಮುಕ್ತವಲ್ಲದವು ಬೇಕಾದಷ್ಟಿವೆ. ‘ಸ್ವಂತ ಬಳಕೆಗೆ ಮಾತ್ರ’ ಎಂದು ಕೊಡುವ ಅಕ್ಷರಮಾದರಿಗಳಿವೆ. ತಿಂಗಳೊಂದರ ಪರೀಕ್ಷಾರ್ಥ ಪ್ರತಿಗಳಿವೆ. ವಿದ್ಯಾರ್ಥಿಗಳಿಗೆಂದು ರಿಯಾಯಿತಿಯಲ್ಲೋ ಬೆಲೆಯಿಲ್ಲದೆಯೋ ಕೊಟ್ಟು, ಸಂಪಾದನೆಯ ಕೆಲಸಕ್ಕೆ ಬಳಸಬಾರದೆಂದು ನಿಯಮಿಸಿರುವ ಆವೃತ್ತಿಗಳಿವೆ. ಕಾಲೇಜಿನಲ್ಲಿ ಅಂಥದನ್ನು ಕಲಿತ ಹುಡುಗರು ಪದವಿ ಮುಗಿದ ಮಾರನೆಯ ದಿನ ಅದರಲ್ಲಿಯೇ ಊರಿನವರ ಕೆಲಸ ಹಿಡಿದು ಕೂಲಿ ಪಡೆಯುತ್ತಾರೆ. ನಿನ್ನೆಯವರೆಗೆ ನ್ಯಾಯವಾಗಿದ್ದ ಅದೇ ಪ್ರತಿ ಇಂದು ನ್ಯಾಯವಲ್ಲದಾಯಿತೆಂಬುದು ಅವರಿಗೆ ತಿಳಿದಿರುವುದಿಲ್ಲ, ತಿಳಿಸಿದವರೂ ಇಲ್ಲ.

ಕಾನೂನು ಈ ಭೇದವನ್ನು ಗಮನಿಸಿದೆ. ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಗೆ ೧೯೮೪ರಲ್ಲಿ ಮಾಡಿದ ತಿದ್ದುಪಡಿಯಿಂದ ಗಣಕದ ತಂತ್ರಾಂಶವೂ ಸಾಹಿತ್ಯಕೃತಿಯ ಸಾಲಿಗೆ ಸೇರಿತು. ನಮ್ಮ ಕವಿಗಳ ಪಂಕ್ತಿಯಲ್ಲಿ ತಂತ್ರಜ್ಞರಿಗೂ ಎಲೆ ಹಾಕಿದಂತಾಯಿತು! ೧೯೯೪ರ ತಿದ್ದುಪಡಿಯಲ್ಲಿ ಬಂದ ೬೩-ಬಿ ಎಂಬ ಕಲಮಿನ ಪ್ರಕಾರ, ಕದ್ದ ಪ್ರತಿಯೆಂದು ತಿಳಿದೂ ಅದನ್ನು ಯಂತ್ರದಲ್ಲಿ ಬಳಸುವವನಿಗೆ ಏಳು ದಿನಕ್ಕೆ ಕಡಿಮೆಯಿಲ್ಲದ, ಮೂರು ವರ್ಷದವರೆಗೆ ಹೋಗಬಹುದಾದ ಸೆರೆ. ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡ. ಲಾಭಕ್ಕಾಗಿಯೋ ವ್ಯಾಪಾರದಲ್ಲಿಯೋ ಬಳಸದವನಿಗೆ ಮಾತ್ರ, ತಕ್ಕ ಕಾರಣವಿದ್ದರೆ, ಸೆರೆಯನ್ನು ಬಿಟ್ಟು ಐವತ್ತು ಸಾವಿರದವರೆಗಿನ ದಂಡದಿಂದಲೇ ಮುಗಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಮನೆಯಲ್ಲಿ ಕುಳಿತು ಆಟಕ್ಕೆ ಮಾಡಿದ ತಪ್ಪಿಗಿಂತ, ಕೂಲಿ ಪಡೆದು ಮಾಡಿದ ತಪ್ಪು ಭಾರವೆಂಬುದು ಕಾಯಿದೆಯ ಎಣಿಕೆ. ಪಾಯಸ ಬಡಿಸಿಕೊಂಡವರ ನಗೆ ಈ ಕಲಮನ್ನು ಓದದವರ ನಗೆ.

ಈಗ ಅಕ್ಷರಮಾದರಿಯ ವಿಷಯ. ತಂತ್ರಾಂಶ ಯಂತ್ರದಲ್ಲಿಯೇ ಉಳಿಯುತ್ತದೆ. ಅಕ್ಷರ ಹಾಗಲ್ಲ, ಅದು ನಾವು ಮಾಡಿದ ಪುಟದೊಳಗೆ ಸೇರಿಕೊಂಡು ಗಿರಾಕಿಯ ಮನೆಗೂ ಮುದ್ರಣಾಲಯಕ್ಕೂ ಹೋಗುತ್ತದೆ. ಆದುದರಿಂದ ಅಕ್ಷರಗಳಿಗೆಂದೇ ಮುಕ್ತ ಅಕ್ಷರ ಪರವಾನಗಿ ಎಂಬುದೊಂದು ಬಂದಿದೆ. ಈಗ ಎಲ್ಲರೂ ಬಳಸುವ ಅದರ ಪಾಠ ೨೦೦೭ರದು. ಲೋಹಿತ್, ನೋಟೊ, ಬಲೂ ತಮ್ಮ ಮೊದಲಾದ ಕನ್ನಡ ಅಕ್ಷರಗಳು ಇದರ ಅಡಿಯಲ್ಲಿ ದೊರೆಯುತ್ತವೆ. ಹಣದ ಕೆಲಸಕ್ಕೂ ಬಳಸಬಹುದು, ಪುಟದೊಳಗೆ ಅಡಗಿಸಿ ಕಳುಹಬಹುದು, ತಿದ್ದಬಹುದು. ನಿಷೇಧಗಳು ಕೆಲವೇ: ಅಕ್ಷರವನ್ನಷ್ಟೇ ಪ್ರತ್ಯೇಕವಾಗಿ ಮಾರಬಾರದು, ತಿದ್ದಿದ ಅಕ್ಷರವನ್ನು, ಮೂಲದವನು ಕಾದಿರಿಸಿಕೊಂಡ ಹೆಸರಿನಲ್ಲಿ ಹರಡಬಾರದು, ಅದನ್ನು ಬೇರೆ ಪರವಾನಗಿಗೆ ಬದಲಾಯಿಸಬಾರದು. ನನ್ನ ವಿದ್ಯಾರ್ಥಿ ಬಳಿಕ ತನ್ನ ಯಂತ್ರದ ಅಕ್ಷರಗಳನ್ನೆಲ್ಲ ಒಂದೊಂದಾಗಿ ಶೋಧಿಸಿದ. ಅವನು ಬಹಳ ಇಷ್ಟಪಟ್ಟು ಶೀರ್ಷಿಕೆಗಳಿಗೆ ಬಳಸುತ್ತಿದ್ದ ಒಂದೇ ಒಂದು ಅಕ್ಷರದ ಜೊತೆಗಿದ್ದ ಕಾಗದದಲ್ಲಿ, ಸಂಪಾದನೆಯ ಕೆಲಸಕ್ಕೆ ಅನುಮತಿ ಬೇಕೆಂದು ಬರೆದಿತ್ತು. ಅದನ್ನು ತೆಗೆದುಹಾಕಿ ಮುಕ್ತವಾದದ್ದೊಂದನ್ನು ಹಾಕಿಕೊಂಡ. ಹಾಗಾದರೆ ನನ್ನ ಸಲಹೆ ಅಷ್ಟರ ಮಟ್ಟಿಗೆ ಸರಿಯಾಗಿತ್ತಲ್ಲವೆ ಎಂದು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಆದರೆ ಒಂದು ಅಕ್ಷರವನ್ನು ಬದಲಾಯಿಸುವುದಕ್ಕೆ ಅವನಿಗೆ ಬೇಕಾಗಿದ್ದುದು ಅರ್ಧ ಗಂಟೆ. ನಾನು ಕಳೆದುದು ನಾಲ್ಕು ತಿಂಗಳ ಬಾಡಿಗೆ.

ಸ್ಮರಣ ಸಂಚಿಕೆಯ ಸಂಪಾದಕರಿಗೂ ಇಲ್ಲಿ ಒಂದು ಮಾತು. ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ಕಂಡ ಪುಸ್ತಕದ ಪ್ರತಿಯಿಂದ ಒಂದು ಅಧ್ಯಾಯವನ್ನು ಎತ್ತಿ ಅಚ್ಚು ಹಾಕುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನ ಮೊದಲ ಅಕ್ಷರದಲ್ಲಿ ಧರಿಸಿದ ಅ. ನ. ಕೃಷ್ಣರಾಯರು ೧೯೭೧ರಲ್ಲಿ ತೀರಿಕೊಂಡರು. ನಮ್ಮ ಕಾಯಿದೆಯಂತೆ ಲೇಖಕನು ತೀರಿಕೊಂಡ ಮೇಲೆ ಅರುವತ್ತು ವರ್ಷ ಕೃತಿಸ್ವಾಮ್ಯ ಉಳಿಯುವುದರಿಂದ, ಅವರ ಬರೆಹ ಎಲ್ಲರ ಸೊತ್ತಾಗುವುದು ೨೦೩೧ ಮುಗಿದ ಮೇಲೆ. ೧೯೯೧ರಲ್ಲಿ ತೀರಿಕೊಂಡ ಗೊರೂರು ರಾಮಸ್ವಾಮಿ ಅಯ್ಯಂಗಾರರದು ೨೦೫೧ ಮುಗಿದ ಮೇಲೆ. ನಮ್ಮ ಜಿಲ್ಲೆಯ ಹೆಮ್ಮೆಯೆಂದು ಹೇಳಿಕೊಂಡು ಅವರ ಬರೆಹವನ್ನು ಕೇಳದೆ ತೆಗೆದುಕೊಳ್ಳುವುದು ಗೌರವದ ಲಕ್ಷಣವಲ್ಲ. ಕೇಳದೆಯೂ ತೆಗೆದುಕೊಳ್ಳಬಹುದಾದದ್ದು ಕನ್ನಡದಲ್ಲಿ ಇಲ್ಲವೆಂದಲ್ಲ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ೨೦೧೪ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಸಿತು. ೨೦೦೩ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯವೂ ಅದೇ ಬಗೆಯ ಪರವಾನಗಿಯಲ್ಲಿದೆ. ಅದರಿಂದ ತೆಗೆದುಕೊಂಡು ಪುಸ್ತಕ ಮಾಡಿ ಮಾರಿದರೂ ಆಕ್ಷೇಪವಿಲ್ಲ. ಮೂಲವನ್ನು ಹೆಸರಿಸಬೇಕು, ಬದಲಾಯಿಸಿದ್ದರೆ ಬದಲಾಯಿಸಿದ್ದೇವೆಂದು ಹೇಳಬೇಕು, ಹಾಗೆ ಬದಲಾಯಿಸಿದ್ದನ್ನು ಇತರರಿಗೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಇಷ್ಟನ್ನೂ ಮಾಡದೆ ‘ಚಿತ್ರಕೃಪೆ: ಅಂತರ್ಜಾಲ’ ಎಂದು ಹಾಕುವುದು, ‘ಊಟ ಹಾಕಿದವರು: ಊರು’ ಎಂದು ಹೇಳಿದಷ್ಟೇ ಅರ್ಥವುಳ್ಳದ್ದು.

ಇನ್ನು ಒಂದು ಆಕ್ಷೇಪವಿದೆ. ಅದು ಕಾನೂನಿನದಲ್ಲ, ಧರ್ಮದ್ದು. ಯಾರೋ ನಿದ್ದೆಗೆಟ್ಟು ಮಾಡಿ ಹಂಚಿದ ವಸ್ತುವಿನಿಂದ ನಾವು ಹಣ ಮಾಡುವುದು ಸರಿಯೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ನಾನು ಅವರಿಗೆ ಅತ್ತಿಮಬ್ಬೆಯನ್ನು ನೆನಪಿಸಿದೆ. ಪೊನ್ನನ ಶಾಂತಿಪುರಾಣ ಅಳಿಯಬಾರದೆಂದು ಸಾವಿರ ಪ್ರತಿ ಬರೆಯಿಸಿ ಹಂಚಿದ ಆ ತಾಯಿಯ ಕಥೆಯನ್ನು ಕನ್ನಡ ಓದಿದ ಯಾರು ತಾನೆ ಅರಿಯರು? ಪಡೆದವರಿಗೆ ಪ್ರತಿ ಉಚಿತ. ಆದರೆ ಸಾವಿರ ಪ್ರತಿಯ ಓಲೆ ಬರೆದ ಲಿಪಿಕಾರರು ಹೊಟ್ಟೆಗಿಲ್ಲದೆ ಬರೆದಿರಲಾರರು; ಆ ಪ್ರತಿಯನ್ನು ಓದಿ ವ್ಯಾಖ್ಯಾನ ಹೇಳಿದವರೂ ಸಂಭಾವನೆ ಪಡೆದಿದ್ದರೆ ಅತ್ತಿಮಬ್ಬೆಯ ದಾನಕ್ಕೆ ಕುಂದೇನೂ ಬರುತ್ತಿರಲಿಲ್ಲ. ದಾನವೂ ದುಡಿಮೆಯೂ ಒಂದರ ಬಳಿ ಒಂದು ಬಾಳುವುದು ನಮ್ಮಲ್ಲಿ ಹೊಸತಲ್ಲ. ಕಿನ್ನಿಕಂಬಳ ಪದ್ಮನಾಭರಾಯರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸವನ್ನು ರಚಿಸಿ, ‘ಸೇಡಿಯಾಪು’ ಎಂದು ವಿದ್ವಾಂಸರ ಹೆಸರಿಟ್ಟ ತಂತ್ರಾಂಶವನ್ನು ಬೆಲೆಯಿಲ್ಲದೆ ಕೊಟ್ಟರು. ಅವರ ವಿನ್ಯಾಸದ ತಳಹದಿಯ ಮೇಲೆ ಬೆರಳಾಡಿಸಿ ಕರ್ನಾಟಕದಲ್ಲಿ ಎಷ್ಟು ಮಂದಿ ಬೆರಳಚ್ಚುಗಾರರು, ಎಷ್ಟು ಪತ್ರಿಕಾಲಯಗಳು, ಎಷ್ಟು ಸಣ್ಣ ಅಂಗಡಿಗಳು ಅನ್ನ ಉಂಡಿವೆ! ಹಾಗೆ ಉಂಡುದು ತಪ್ಪಲ್ಲ. ಕೊಟ್ಟವರಾರೆಂಬುದನ್ನು ಮರೆತುದು ತಪ್ಪು.

ಮರೆಯದಿರುವುದಕ್ಕೆ ದೊಡ್ಡ ಸಾಹಸ ಬೇಕಿಲ್ಲ. ದೋಷ ಕಂಡರೆ ಮಾಡಿದವರಿಗೆ ತಿಳಿಸಬಹುದು. ಇಂಗ್ಲಿಷಿನಲ್ಲಿರುವ ಅದರ ಮಾತುಗಳನ್ನು ಕನ್ನಡಕ್ಕೆ ತಂದುಕೊಡಬಹುದು. ಇದು ನಮ್ಮ ಕನ್ನಡ ವಿದ್ಯಾರ್ಥಿಗಳಿಗೆ ಬಹಳ ತಕ್ಕ ಕೆಲಸ. ಸಂಪಾದನೆ ಚೆನ್ನಾಗಿದ್ದ ವರ್ಷ ಒಂದಿಷ್ಟು ಕಾಣಿಕೆ ಕಳುಹಬಹುದು. ತಂತ್ರಾಂಶವನ್ನೇ ತಿದ್ದಿ ಇತರರಿಗೆ ಕೊಡುವವರಾದರೆ, ಜಿಪಿಎಲ್‌ನ ವಿಷಯದಲ್ಲಿ, ತಿದ್ದಿದ ಮೂಲವನ್ನೂ ಅದೇ ಹಕ್ಕುಗಳೊಡನೆ ಒದಗಿಸಲೇಬೇಕು; ಇದು ಸೌಜನ್ಯವಲ್ಲ, ಶಾಸನದ ವಿಧಿ. ತಾನು ಪಡೆದ ಬಾವಿಗೆ ಬೇಲಿ ಹಾಕಿ ನೀರು ಮಾರಕೂಡದೆಂಬುದು ಅದರ ತಾತ್ಪರ್ಯ.

ಕೊನೆಯದಾಗಿ, ನಮ್ಮವರು ಮಾಡಬೇಕಾದ ಕೆಲವು ಕೆಲಸಗಳನ್ನು ಸೂಚಿಸುತ್ತೇನೆ. ಈ ಪರವಾನಗಿಗಳ ಸಾರವನ್ನು ತಿಳಿಗನ್ನಡದಲ್ಲಿ ಒಂದೊಂದು ಪುಟಕ್ಕೆ ಇಳಿಸಿ, ಕಾಲೇಜುಗಳ ಗಣಕ ಕೊಠಡಿಯಲ್ಲಿಯೂ ಕನ್ನಡ ವಿಭಾಗದಲ್ಲಿಯೂ ಇಡಬೇಕು. ಸರ್ಕಾರವಾಗಲಿ, ಅಕಾಡೆಮಿಗಳಾಗಲಿ, ಪರಿಷತ್ತುಗಳಾಗಲಿ ಬೆಲೆಯಿಲ್ಲದೆ ತಂತ್ರಾಂಶವನ್ನೋ ಅಕ್ಷರವನ್ನೋ ಪುಸ್ತಕವನ್ನೋ ಹಂಚುವಾಗ, ‘ಉಚಿತ’ ಎಂಬ ಒಂದೇ ಮಾತು ಬರೆದು ಸುಮ್ಮನಾಗದೆ, ಸಂಪಾದನೆಗೆ ಬಳಸಬಹುದೆ, ತಿದ್ದಬಹುದೆ, ಮರಳಿ ಹಂಚಬಹುದೆ ಎಂಬ ಮೂರು ಪ್ರಶ್ನೆಗಳಿಗೆ ಮೊದಲ ಪುಟದಲ್ಲಿಯೇ ಕನ್ನಡದಲ್ಲಿ ಉತ್ತರ ಬರೆಯಬೇಕು. ಕೆಲಸ ಕೊಡುವ ಸಂಘಸಂಸ್ಥೆಗಳು ತಮ್ಮ ಕಾಗದದಲ್ಲಿ ‘ಪರವಾನಗಿಯುಳ್ಳ’ ಎಂಬುದರ ಪಕ್ಕದಲ್ಲಿ ‘ಮುಕ್ತ ಪರವಾನಗಿಯೂ ಸೇರಿ’ ಎಂಬ ಎರಡು ಮೂರು ಮಾತು ಸೇರಿಸಿದರೆ ಎಷ್ಟೋ ಹುಡುಗರ ಭಯ ನೀಗೀತು. ನಾವು ಕ್ರಿ.ಶ. ೪೫೦ರ ದತ್ತಿಪತ್ರವನ್ನು ಓದಲು ಮಕ್ಕಳಿಗೆ ಕಲಿಸುತ್ತೇವೆ, ಕಲಿಸಲೇಬೇಕು. ಅದೇ ಪಾಠದ ಕೊನೆಯ ಹತ್ತು ನಿಮಿಷದಲ್ಲಿ ಅವರ ಜೇಬಿನಲ್ಲಿರುವ ಯಂತ್ರದ ದತ್ತಿಪತ್ರವನ್ನೂ ಓದಿಸಿದರೆ ಶಾಸನಶಾಸ್ತ್ರಕ್ಕೆ ಅಪಚಾರವಾಗದು.

ಕಳೆದ ತಿಂಗಳು ನನ್ನ ವಿದ್ಯಾರ್ಥಿ ಚನ್ನರಾಯಪಟ್ಟಣದ ಕಡೆಯ ಕವಿಯೊಬ್ಬರ ಸಂಕಲನವನ್ನು ಸಿದ್ಧಪಡಿಸಿಕೊಟ್ಟ. ಅದರ ಕೊನೆಯ ಪುಟದಲ್ಲಿ, ಮುದ್ರಕರ ವಿಳಾಸದ ಕೆಳಗೆ, ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲುಗಳಿವೆ: ಪುಟವಿನ್ಯಾಸ ಯಾವ ತಂತ್ರಾಂಶದಲ್ಲಿ ಆಯಿತು, ಅಕ್ಷರ ಯಾರದು, ಮುಖಪುಟದ ಛಾಯಾಚಿತ್ರ ತೆಗೆದವರು ಯಾರು, ಅವು ಯಾವ ಪರವಾನಗಿಯವು. ಕವಿಗಳು ಮೊದಲು “ಇದೆಲ್ಲ ಏತಕ್ಕಪ್ಪ, ಜಾಗ ದಂಡ” ಎಂದರಂತೆ. ವಿವರಿಸಿ ಹೇಳಿದ ಮೇಲೆ ಒಪ್ಪಿದರಂತೆ. ಆ ಪುಸ್ತಕದ ಒಪ್ಪಂದಕ್ಕೆ ಅವನು ಅಳುಕಿಲ್ಲದೆ ರುಜು ಹಾಕಿದ್ದ.

ಕೈತಪ್ಪಿದ ಆ ಇನ್ನೂರು ಪುಟದ ಕೆಲಸವನ್ನು ನಾನು ಅವನಿಗೆ ಮರಳಿ ಕೊಡಿಸಲಾರೆ. ಅವನು ಆ ಮಾತನ್ನು ಇದುವರೆಗೆ ಒಮ್ಮೆಯೂ ಎತ್ತಿಲ್ಲ. ಅದೇ ನನಗೆ ಭಾರ. ಮುಂದೆ ಇನ್ನೊಬ್ಬ ವಿದ್ಯಾರ್ಥಿ ಇಂಥದೇ ಕಾಗದ ಹಿಡಿದು ಬಂದರೆ ‘ರುಜು ಹಾಕಬೇಡ’ ಎಂದು ಹೇಳಿ ಕಳುಹಿಸುವುದಿಲ್ಲ. ‘ತಾ ಇಲ್ಲಿ, ಏನು ಬರೆದಿದೆಯೋ ಇಬ್ಬರೂ ಕುಳಿತು ಓದೋಣ’ ಎನ್ನುತ್ತೇನೆ.